ಖಾಲಿ ತೂಕ

ತಾಳವಾಡಿಯ ವೇಬ್ರಿಜ್ಜಿನಲ್ಲಿ ನನ್ನದು ಮೂವತ್ತೊಂದನೇ ವರ್ಷ.
ಲೋಡು ತೂಕ, ಖಾಲಿ ತೂಕ, ಕಳೆದರೆ ನಿವ್ವಳ,
ನನಗೆ ಬರುವ ಲೆಕ್ಕ ಇಷ್ಟೇ.
ಚೀಟಿ ತಮಿಳಿನಲ್ಲಿ, ಜಗಳ ಕನ್ನಡದಲ್ಲಿ,
ದುಡ್ಡು ಯಾವ ಭಾಷೆಯಲ್ಲೂ ತಡವಾಗಿ.

ಕೊಯಮತ್ತೂರಿನಿಂದ ಬಂದವಳು ಯಾಳಿನಿ
ಹಳೇ ರಿಜಿಸ್ಟರು ಬೇಕೆಂದಳು.
ಅಟ್ಟದಿಂದ ಇಳಿಸಿದೆ. ಗೆದ್ದಲು ತಿಂದು ಮಿಕ್ಕಿದ್ದು
ತೊಂಬತ್ತನಾಲ್ಕರಿಂದ ಈಚಿನದು.
ಮೊದಲ ಪುಟದಲ್ಲಿ ದಿನಕ್ಕೆ ಎರಡು ಲಾರಿ:
ರಾಗಿ, ಹುರುಳಿ, ಒಮ್ಮೆ ಯಾರದೋ ಮದುವೆಯ ಮಂಚ.
ಆಮೇಲೆ ಕೋಸು ಬಂತು.
ಕೋಸಿನ ಹಿಂದೆ ಬೋರು, ಬೋರಿನ ಹಿಂದೆ ಯೂರಿಯಾ,
ಕೆಳಗಿಂದ ಮೇಲಕ್ಕೆ ಲೋಡು ಹತ್ತಿದ್ದು ಅದೇ ಮೊದಲು.
ಪುಟ ಮಗುಚಿದಂತೆ ನನ್ನ ಅಕ್ಷರ ಸಣ್ಣದಾಗಿದೆ.
ಜಾಗ ಸಾಲದೆ.

ಮೂರು ದಿನ ಚೀಲದ ಮೇಲೆ ಕೂತು ಬರೆದಳು.
ಟನ್ನಿಗೆ ಲೆಕ್ಕ ಹಾಕಿದರೆ ಹೊಗೆ ಅರ್ಧಕ್ಕೆ ಇಳಿದಿದೆಯಣ್ಣ, ಅಂದಳು,
ಹೊಸ ಎಂಜಿನ್ನು, ಒಳ್ಳೇ ರಸ್ತೆ.
ಖುಷಿಯಾಗಿ ಇಬ್ಬರಿಗೂ ಟೀ ಹೇಳಿದೆ.
ಟೀ ಬರುವಷ್ಟರಲ್ಲಿ ಇನ್ನೊಂದು ಸಾಲು ಕೂಡಿದ್ದಳು:
ಟನ್ನುಗಳೇ ಹನ್ನೊಂದು ಪಟ್ಟು.
ಹೊಲದ್ದು ಅಷ್ಟೇನೂ ಏರಿಲ್ಲವಂತೆ.
ಬದು ದಾಟಿದ ಮೇಲಿನದೇ ಬೆಳೆಯುತ್ತಿದೆ,
ರಸ್ತೆಯದು, ಮಂಜಿನ ಪೆಟ್ಟಿಗೆಯದು, ಪ್ಲಾಸ್ಟಿಕ್ ಕ್ರೇಟಿನದು.

ಅಷ್ಟಾದರೂ ಒಪ್ಪಿದೆ. ಮುಂದಿನದಕ್ಕೆ ಸಿಟ್ಟು ಬಂತು.
ಲೀಟರು ಡೀಸೆಲ್ಲು ಕಿಲೋಗೂ ಕಮ್ಮಿ ತೂಗುತ್ತದೆ,
ಉರಿದು ಹೋದ ಮೇಲೆ ಎರಡೂವರೆ ಕಿಲೋಗೂ ಜಾಸ್ತಿ, ಅಂದಳು.
ನೋಡಮ್ಮ, ಸೀಟಿನಡಿ ಕಲ್ಲಿಟ್ಟವರನ್ನು ಹಿಡಿದಿದ್ದೇನೆ,
ಖಾಲಿ ತೂಕಕ್ಕೆ ಮೊದಲು ನೀರಿನ ಡ್ರಮ್ಮು ಚೆಲ್ಲಿದವರನ್ನು ಹಿಡಿದಿದ್ದೇನೆ,
ಹೋದದ್ದು ಹೆಚ್ಚಾಗಿ ಹೋಯಿತು ಅನ್ನುವ ಮೋಸ
ಈ ತಟ್ಟೆಯ ಮೇಲೆ ಇವತ್ತಿನವರೆಗೆ ನಡೆದಿಲ್ಲ.
ಎಣ್ಣೆ ಗಾಳಿಯನ್ನೂ ಜೊತೆಗೆ ಸೇರಿಸಿಕೊಳ್ಳುತ್ತೆ ಅಣ್ಣ.
ಬೀಡಿ ಹಚ್ಚುತ್ತಿದ್ದ ಡ್ರೈವರ್ ಮಾರಬಸಪ್ಪ ನಕ್ಕ:
ನಮ್ಮಮ್ಮ ಸಂತೆಗೆ ಹೊರಟರೂ ಅಷ್ಟೇಯ,
ಒಬ್ಬಳೇ ಹೋಗ್ತಾಳಾ, ಬೀದಿನೇ ಕಟ್ಕೊಂಡು ಹೋಗ್ತಾಳೆ.

ಆ ರಾತ್ರಿ ಹಾಸನೂರಿನ ಗೇಟಿನವರೆಗೆ ಅವಳ ಜೊತೆ ಹೋಗಿದ್ದೆ.
ಕತ್ತಲಾದರೆ ಘಾಟಿ ಬಂದ್. ಜಿಂಕೆ ದಾಟಲಿ, ಚಿರತೆ ದಾಟಲಿ ಎಂದು
ಇಪ್ಪತ್ತೇಳು ತಿರುವೂ ಮಲಗಿರುತ್ತವೆ.
ಲಾರಿಗಳ ಎಂಜಿನ್ ಆರಿಸಿ ಡ್ರೈವರುಗಳು ಕೆಳಗೆ ಚಾಪೆ ಹಾಸಿದ್ದರು.
ತಂಪು ಪೆಟ್ಟಿಗೆಯ ಎಂಜಿನ್ ಮಾತ್ರ ಆರುವಂತಿಲ್ಲ.
ಕ್ಯಾರೆಟ್ಟು ಬಾಡಬಾರದೆಂದು ಬೆಳಗಿನವರೆಗೆ
ಕಾಡಿನ ಅಂಚಿನಲ್ಲಿ ಗುಂಯ್ ಅನ್ನುತ್ತಲೇ ಇತ್ತು.
ಅವಳು ಟಾರ್ಚು ಕಚ್ಚಿಕೊಂಡು ಗಂಟೆ ಬರೆದುಕೊಂಡಳು.

ಇನ್ನೊಂದು ಪುಟ. ಕೋಸು ಕಿಲೋಗೆ ಎಂಬತ್ತು ಪೈಸೆಗೆ ಬಿದ್ದ ವಾರ.
ಮೆಟ್ಟುಪಾಳ್ಯದವರು ಬೇಡವೆಂದರು, ಲಾರಿಗಳು ತುಂಬಿದ ಹಾಗೇ ವಾಪಸು ಹತ್ತಿದವು.
ಲೋಡು, ಖಾಲಿ ಎರಡೂ ಒಂದೇ ಅಂಕಿ.
ನಿವ್ವಳ ಸೊನ್ನೆ, ಅಂತ ದುಂಡಗೆ ಬರೆದಿದ್ದೆ.
ಸುರಿದ ಕೋಸು ಕೆರೆಯಂಗಳದಲ್ಲಿ ಕೊಳೆತು
ದನ ಮೂಸಿ ತಿರುಗಿದವು, ತಿಂಗಳು ಊರೇ ಮೂಗು ಮುಚ್ಚಿತ್ತು.
ನನ್ನ ಸೊನ್ನೆಯ ಆ ವಾರ
ಅವಳ ಕಾಗದದಲ್ಲಿ ಎಲ್ಲಕ್ಕಿಂತ ಉದ್ದದ ಗೆರೆ.

ಹೋದಳು. ರಿಜಿಸ್ಟರು ಮತ್ತೆ ಅಟ್ಟಕ್ಕೆ ಹೋಯಿತು.
ಹೊಸ ಚೀಟಿ ಪುಸ್ತಕಕ್ಕೆ ಸತ್ಯಮಂಗಲದ ಪ್ರೆಸ್ಸಿನಲ್ಲಿ
ನಾಲ್ಕನೇ ಕಾಲಮ್ಮು ಹಾಕಿ ಅಂದುಬಿಟ್ಟೆ.
ತಲೆಬರಹ ಏನು ಸ್ವಾಮಿ, ಕೇಳಿದ. ತೋಚಲಿಲ್ಲ.
ಹಾಗೇ ಬರಿದಾಗಿ ಅಚ್ಚಾಗಿ ಬಂತು.

ಮಾರಬಸಪ್ಪ ಕ್ಯಾಬಿನ್ನಿನಿಂದಲೇ ಚೀಟಿ ತಿರುಗಿಸಿ ನೋಡಿದ:
ಇದೇನು ಖಾಲಿ ಮನೆ? ಇದಕ್ಕೆಷ್ಟು ಕಿಲೋ ಹಿಡೀತೀರ?
ಗೊತ್ತಿಲ್ಲ ಕಣೋ.
ಮೊದಲು ಕೆಳಗಿಳಿ,
ತೂಕದಲ್ಲಿ ನೀನೂ ಇದ್ದೀಯ.